ಮುಖ ಮುಚ್ಚಿದ ಚಿತ್ರ

ಹನುಮಂತನಗರದ ಚೂಡಾಮಣಿ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಾರೆ. ಈಗ ಸೀರೆ ಕೊಡಲು ಬರುವ ಹುಡುಗಿಯರಿಗೆ ಅವರು ದೇಶಕ್ಕಾಗಿ ರಿಲೇ ಓಡಿದವರೆಂದು ಗೊತ್ತಿಲ್ಲ. ವರ್ಷಗಳ ಹಿಂದೆ ಹೊರದೇಶದ ಕ್ರೀಡಾಕೂಟವೊಂದರಲ್ಲಿ ಬೇಟನ್ ಕೈಜಾರಿತು, ಅದನ್ನು ಹಿಡಿಯಲು ಬಾಗಿ ಟ್ರ್ಯಾಕಿನ ಮೇಲೆ ಬಿದ್ದರು. ಮರುದಿನ ಪತ್ರಿಕೆಗಳ ಮುಖಪುಟದಲ್ಲಿ ಆ ಚಿತ್ರವಿತ್ತು. ಆಮೇಲೆ ಅವರು ಓಡಲಿಲ್ಲ.

ಸೋತ ಆಟಗಾರ್ತಿಯರನ್ನು ಮಾಧ್ಯಮಗಳು ತೋರಿಸುವ ರೀತಿ ಸರಿಯೇ ಎಂಬುದು ಸುರಭಿಯ ಪಿಎಚ್.ಡಿ. ವಿಷಯ. ಪುಟ್ಟೇನಹಳ್ಳಿಯ ಪಿ.ಜಿ.ಯಿಂದ ಅವಳು ತಿಂಗಳುಗಟ್ಟಲೆ ಬಂದು ಹೋದ ಮೇಲೆ ಚೂಡಾಮಣಿ ಬಾಯಿಬಿಟ್ಟಿದ್ದರು. ಒಂದೇ ಷರತ್ತು: ಆ ಚಿತ್ರವನ್ನು ಯಾರಿಗೂ ತೋರಿಸಬಾರದು.

"ಚಿತ್ರ ಇಲ್ದೆ ಏನು ವಿಶ್ಲೇಷಣೆ ಮಾಡ್ತೀಯಮ್ಮ? ಮುಖ ಮುಚ್ಚಿ ಹಾಕು, ಸಾಕು" ಎಂದರು ಗೈಡ್. ಸುರಭಿ ಮುಖದ ಮೇಲೊಂದು ಕಪ್ಪು ಪಟ್ಟಿ ಹಾಕಿ, ವಿಚಾರ ಸಂಕಿರಣವೊಂದಕ್ಕೆ ತನ್ನ ಪ್ರಬಂಧದ ಜೊತೆ ಕಳಿಸಿದಳು. ಸಂಕಿರಣದವರು ಅದನ್ನೇ ಆಹ್ವಾನ ಪತ್ರಿಕೆ ಮಾಡಿ ವಾಟ್ಸಾಪಿನಲ್ಲಿ ಹಂಚಿಬಿಟ್ಟರು. ಕೆಳಗೆ ದಪ್ಪಕ್ಷರದಲ್ಲಿ 'ಕ್ರೀಡೆ, ಮಾಧ್ಯಮ, ನೈತಿಕತೆ'.

ಅದನ್ನು ಕಂಡದ್ದೇ ಸುರಭಿ ಚೂಡಾಮಣಿಯವರ ಮನೆಗೆ ಹೊರಟು ಬಸ್ಸು ಹತ್ತಿದಳು. ಬೇರೆಯವರು ತೋರಿಸುವ ಮೊದಲು ತಾನೇ ಹೇಳಬೇಕು. ಬನಶಂಕರಿಯ ಬಳಿ ಬಸ್ಸು ನಿಂತಲ್ಲೇ ನಿಂತಿತು. ಇಳಿದು ಆಟೊ ಹಿಡಿದಳು. ಮಡಿಲಲ್ಲಿ ಬೋರಲು ಇಟ್ಟ ಫೋನು ಅಲುಗಿದಾಗಲೆಲ್ಲ ಇನ್ನೊಬ್ಬರು ನೋಡಿದರು ಅನ್ನಿಸುತ್ತಿತ್ತು.

ಚೂಡಾಮಣಿ ಬಾಗಿಲ ಬೆಳಕಿಗೆ ಕೂತು, ತೊಡೆಯ ಮೇಲೆ ಹಸಿರು ರೇಷ್ಮೆ ಹರಡಿಕೊಂಡು ದಾರ ಸುತ್ತುತ್ತಿದ್ದರು.

"ಬಾ. ಕಾಫಿ ಕುಡೀತೀಯಾ?"

"ಬೇಡ ಆಂಟಿ. ಒಂದು ವಿಷಯ..."

"ಎದುರುಮನೆ ಮಂಗಮ್ಮ ಆಗ್ಲೇ ತೋರಿಸಿದ್ರು. 'ಇದು ನೀನೇ ಅಲ್ವೇನೇ, ಪೇಪರಲ್ಲಿ ಬಂದಿತ್ತಲ್ಲ' ಅಂದ್ರು. ಅವರ ಸೊಸೆಗೂ ಈಗ ಗೊತ್ತಾಯ್ತು."

"ಮುಖ ಮುಚ್ಚಿದ್ದೆ ಆಂಟಿ."

"ಆವತ್ತು ನನ್ನ ಮುಖ ಯಾರು ನೋಡಿದ್ರು ಸುರಭಿ? ಬಿದ್ದಿದ್ದನ್ನ ನೋಡಿದ್ರು."

ಸುರಭಿ ಹೊಸ್ತಿಲ ಈಚೆಯೇ ನಿಂತಿದ್ದಳು.

"ನಾನು ಮಾತಾಡಿದ್ದೆಲ್ಲ ಆ ಫೋನಲ್ಲಿದೆ ಅಲ್ವಾ? ತೆಗೆದ್ಬಿಡು."

"ಅದಿಲ್ದೆ ನನ್ನ ಥೀಸಿಸ್..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಚೂಡಾಮಣಿ ಸೂಜಿ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಕಾಯುತ್ತಿದ್ದರು. ಸುರಭಿ ಒಂದೊಂದೇ ಧ್ವನಿಮುದ್ರಣ ಅಳಿಸಿ, ಖಾಲಿ ಪರದೆಯನ್ನು ಅವರತ್ತ ತಿರುಗಿಸಿದಳು.

"ಇದೊಂದೇನಾ?"

"ಲ್ಯಾಪ್‌ಟಾಪಲ್ಲೂ ಇದೆ. ಹೋಗಿ ತೆಗೀತೀನಿ. ನಂಬಿ ಆಂಟಿ."

"ಒಂದ್ಸಲ ನಂಬಿದ್ದೆ. ನಾಳೆ ಇಲ್ಲಿಗೇ ತಗೊಂಡ್ಬಾ. ನನ್ನ ಮುಂದೇನೇ ತೆಗಿ."

ಸುರಭಿ ತಲೆಯಾಡಿಸಿದಳು. ಚೂಡಾಮಣಿ ಸೆರಗನ್ನು ಬೆಳಕಿಗೆ ಎಳೆದುಕೊಂಡು ಮುಂದಿನ ಗಂಟು ಬಿಗಿದರು.