ಬಾನೆಟ್ಟಿನ ಅಂಚು ಸುಟ್ಟವನು ನಾನು

ಗಣಪಣ್ಣ, ಮೇಷ್ಟ್ರ ಕಾರಿನ ಬಾನೆಟ್ಟಿನಲ್ಲಿ ನೀವು ಹೊಡೆದ ಬಣ್ಣ ಕಿತ್ತು ಬಂದಿರಲಿಲ್ಲ. ನಾನು ಪಾಲಿಶ್ ಮಷೀನಿನಿಂದ ಸುಟ್ಟಿದ್ದೆ. ಸುಟ್ಟು, ಕಿತ್ತು ಬಂತೆಂದು ನಿಮ್ಮನ್ನು ನಂಬಿಸಿದೆ — ಒಂಬತ್ತು ವರ್ಷ ಬಾಯಿಬಿಡದೆ ಇಟ್ಟುಕೊಂಡದ್ದು ಇಷ್ಟೇ ಮಾತು. ಇಷ್ಟೇ ಎಂದು ಬರೆಯುವುದೇನೋ ಸುಲಭ.

ಸಾಗರದಲ್ಲಿ ಜೋಗದ ರಸ್ತೆಯ ಮೇಲೆ ನಮ್ಮ ಶೆಡ್ಡು. ನೀವು ಕಾರಿಗೆ ಬಣ್ಣ ಹೊಡೆಯುವವರು, ನಾನು ಕಾರು ತೊಳೆಯುವವನು. ಕೈಯಲ್ಲಿ ತಿಕ್ಕಿ ಪಾಲಿಶ್ ಮಾಡಿ ಭುಜ ಬಿದ್ದುಹೋಗುತ್ತದೆಂದು ನಾನು ಪಾಲಿಶ್ ಮಷೀನು ತರಿಸಿದೆ. ಒಂದು ವಾರ ಮೊಬೈಲಿನಲ್ಲಿ ವಿಡಿಯೋ ನೋಡಿದ್ದೇ ನನ್ನ ವಿದ್ಯಾಭ್ಯಾಸ. ಮೊದಲ ದಿನವೇ, ಮಷೀನಿನ ತಿರುಗುವ ಪ್ಯಾಡನ್ನು ತಗಡಿಗೆ ತಾಗಿಸುವ ಮೊದಲೇ ಸ್ವಿಚ್ ಒತ್ತಿದೆ; ಅದಕ್ಕೆ ಹಚ್ಚಿದ್ದ ಪಾಲಿಶ್ ಕಾಂಪೌಂಡೆಲ್ಲ ನನ್ನ ಮುಖಕ್ಕೂ ನಿಮ್ಮ ಅಂಗಿಗೂ ಸಿಡಿಯಿತು. ನೀವು ಬೈಯಲಿಲ್ಲ. ಗುಜರಿಯಿಂದ ಕಾರಿನ ಹಳೇ ಬಾಗಿಲೊಂದನ್ನು ಹೊತ್ತು ತಂದು, "ಇದ್ರ ಮೇಲೆ ಎಷ್ಟ್ ಬೇಕಾರೂ ಕುಣಿಸು ಮಾರಾಯ" ಅಂದಿರಿ. ಮಷೀನನ್ನು ಒಂದೇ ಕಡೆ ನಿಲ್ಲಿಸಿದರೆ ಬಣ್ಣ ಕಾದು ಸುಡುತ್ತದೆ, ಒತ್ತಬಾರದು, ಅದರ ಭಾರವೇ ಸಾಕು — ಇದನ್ನೆಲ್ಲ ಆ ಬಾಗಿಲ ಮೇಲೆ ಕಲಿತೆ. ಹದಿನೈದು ದಿನಕ್ಕೆ ಅದರಲ್ಲಿ ನನ್ನ ಮುಖ ಕಾಣತೊಡಗಿತು. ನನ್ನ ಕಾಲು ನೆಲದ ಮೇಲೆ ನಿಲ್ಲದಾಯಿತು.

ಆಗಲೇ ತೀರ್ಥಹಳ್ಳಿಯ ಮೇಷ್ಟ್ರು ನೀಲಿ ಕಾರು ತಂದರು. ಹಲಸಿನ ಹಣ್ಣು ಬಿದ್ದು ಬಾನೆಟ್ ತಗ್ಗಾಗಿತ್ತು. ನೀವು ತಗ್ಗು ತೆಗೆದು, ಅಡಿಬಣ್ಣವಾಗಿ ಪ್ರೈಮರ್ ಹೊಡೆದು, ಅದರ ಮೇಲೆ ನೀಲಿ ಹೊಡೆದು, ಚೆನ್ನಾಗಿ ಒಣಗಿದ ಮೇಲೆ ನನಗೆ ಒಪ್ಪಿಸಿದಿರಿ. ನನ್ನ ಮಷೀನಿಗೆ ಅದು ಮೊದಲ ಕಾರು. ಬಾನೆಟ್ಟಿನ ಅಂಚಿಗೆಲ್ಲ, ಮಷೀನು ತಾಗದಿರಲೆಂದು, ನೀವೇ ಕೂತು ಮಾಸ್ಕಿಂಗ್ ಟೇಪ್ ಅಂಟಿಸಿದಿರಿ.

"ಅಂಚಲ್ಲಿ ಬಣ್ಣ ತೆಳು ಇರ್ತದೆ. ಟೇಪ್ ದಾಟ್ಬ್ಯಾಡ. ಅಲ್ಲಿ ನಾ ಬಂದು ಕೈಯಲ್ಲೇ ತಿಕ್ತೀನಿ" ಎಂದು ಹೇಳಿ ಊಟಕ್ಕೆ ಹೋದಿರಿ.

ಆ ಮಾತು ನನಗೆ ಚುಚ್ಚಿತು. ಮಷೀನಿರುವಾಗ ಕೈ ಯಾಕೆ? ಟೇಪು ಕಿತ್ತೆ. ಮುಂದಿನ ಅಂಚಿಗೆ ಪ್ಯಾಡನ್ನು ಓರೆಯಾಗಿ ಹಿಡಿದೆ — ಎರಡು ಉಸಿರು, ಹೆಚ್ಚೆಂದರೆ ಮೂರು. ನೀಲಿ ಹೋಗಿ ಬೆರಳುದ್ದಕ್ಕೆ ಬೂದು ಪ್ರೈಮರ್ ಕಂಡಿತು.

ನಿಮಗೆ ಹೇಳಬಹುದಿತ್ತು. "ಹೋಗ್ಲಿ ಬಿಡು" ಅನ್ನುತ್ತಿದ್ದಿರಿ, ಅದೂ ಗೊತ್ತಿತ್ತು. ಆದರೆ ನಿಮ್ಮಿಂದ ಹಾಗೆ ಅನ್ನಿಸಿಕೊಳ್ಳುವುದೇ ನನಗೆ ಬೇಡವಾಗಿತ್ತು... ಸುಟ್ಟ ಬಣ್ಣ ಸುತ್ತಲೂ ನಯವಾಗಿ ಸವೆದಿರುತ್ತದೆ, ನಿಮ್ಮ ಬೆರಳು ಅದನ್ನು ಪತ್ತೆ ಮಾಡುತ್ತಿತ್ತು. ಹಾಗಾಗಿ ಬ್ಲೇಡಿನಿಂದ ಕೆರೆದು, ಬಣ್ಣ ಚಕ್ಕೆ ಎದ್ದಂತೆ ಮಾಡಿದೆ. ಕೆರೆದ ಚೂರುಗಳನ್ನು ಹೊಸ ಟೇಪಿನ ಅಂಟಿಗೆ ಹಚ್ಚಿ, ಆ ಟೇಪನ್ನು ಅದೇ ಜಾಗಕ್ಕೆ ಅಂಟಿಸಿ, ಕಾದು ಕೂತೆ. ನೀವು ಬಂದ ಮೇಲೆ ನಿಮ್ಮೆದುರೇ ಕಿತ್ತೆ.

"ಟೇಪಿನ ಜೊತೆಗೇ ಬಣ್ಣ ಬಂತಲ್ಲ ಗಣಪಣ್ಣ. ಪ್ರೈಮರಿಗೆ ಹಿಡ್ದೇ ಇಲ್ವೇನೋ."

ನೀವು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಬಗ್ಗಿ ನೋಡಿದಿರಿ. ತುಂಬ ಹೊತ್ತು. "ಹೌದು ಮಾರಾಯ. ನನ್ ಕೈಯೇ ಕೆಟ್ಟದೆ" ಅಂದಿರಿ. ಮೇಷ್ಟ್ರಿಗೂ ನೀವೇ ಹೇಳಿದಿರಿ, "ತಪ್ಪು ನನ್ನದು" ಅಂತ. ಬಾನೆಟ್ಟಿಗೆ ಪೂರ್ತಿ ಹೊಸದಾಗಿ ಬಣ್ಣ ಹೊಡೆದು ಕೊಟ್ಟಿರಿ. ನಾನು ಪಕ್ಕದಲ್ಲಿ ನಿಂತು ನೋಡಿದೆ.

ಆಮೇಲೆ ಯಾವ ಕಾರನ್ನೂ ನೀವು ನೆಮ್ಮದಿಯಿಂದ ಬಿಟ್ಟುಕೊಡಲಿಲ್ಲ. ಟೇಪು ಅಂಟಿಸುವುದು, ಕೀಳುವುದು, ಮತ್ತೆ ಅಂಟಿಸುವುದು. ಮಳೆಗಾಲ ಮುಗಿಯುವ ಹೊತ್ತಿಗೆ "ಇನ್ನು ನನ್ ಕೈಲಿ ಆಗದಿಲ್ಲ" ಎಂದು ಸ್ಪ್ರೇ ಗನ್ನನ್ನು ತೊಳೆದು ನನಗೇ ಕೊಟ್ಟು, ಹೊಸನಗರಕ್ಕೆ ಹೋದಿರಿ. ನಾನು ತಡೆಯಲಿಲ್ಲ. ನಿಜ ಹೇಳುತ್ತೇನೆ — ಆ ದಿನ ನನಗೆ ಹಗುರವೆನ್ನಿಸಿತ್ತು.

ಆ ಹಗುರ ಹೆಚ್ಚು ದಿನ ಉಳಿಯಲಿಲ್ಲ. ಶೆಡ್ಡಿಗೆ ಬೇರೆ ಇಬ್ಬರು ಪೇಂಟರುಗಳು ಬಂದರು, ಹೋದರು. ಅವರು ಟೇಪು ಕೈಗೆತ್ತಿಕೊಂಡರೆ ಸಾಕು, ನಾನು ಎದ್ದು ಹೊರಗೆ ಹೋಗುತ್ತಿದ್ದೆ; ಇಂಥವನ ಜೊತೆ ಯಾರು ಬಾಳಿಯಾರು? ಈಗ ನಾನೊಬ್ಬನೇ. ಕೆಲಸಕ್ಕೆ ಕೊರತೆಯಿಲ್ಲ, ಕೈಯೂ ಪಳಗಿದೆ. ಮಷೀನು ನಿಲ್ಲಿಸಿದ ಮೇಲೆ "ಹೆಂಗಾತು ನೋಡಿ" ಎಂದು ತೋರಿಸಲು ಒಬ್ಬರೂ ಇಲ್ಲ. ಒಂಟಿತನ ಎಂದರೆ ಇಷ್ಟು ಸಣ್ಣದರಲ್ಲಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಹೋದ ತಿಂಗಳು ಧೈರ್ಯ ಮಾಡಿ ಹೊಸನಗರಕ್ಕೆ ಬಂದೆ, ಹೇಳಿಬಿಡೋಣ ಎಂದೇ. ನೀವು ವೆಲ್ಡಿಂಗ್ ಅಂಗಡಿಯಲ್ಲಿ ಬ್ರಷ್ ಹಿಡಿದು ಗೇಟಿಗೆ ಕಪ್ಪು ಬಳಿಯುತ್ತಿದ್ದಿರಿ. ನನ್ನನ್ನು ಕಂಡು ಎದ್ದಿರಿ. ಭುಜ ಹಿಡಿದು ಅಂಗಡಿಯವರಿಗೆಲ್ಲ ತೋರಿಸಿದಿರಿ.

"ಇವ್ನೇ ನಮ್ ಮಂಜು. ಅವತ್ತು ನನ್ ತಪ್ಪು ಕಂಡ್ಮೇಲೂ ಒಬ್ರ ಹತ್ರನೂ ಆಡ್ಕಳ್ಳಿಲ್ಲ. ಇಂಥೋರು ಸಿಗದಿಲ್ಲ."

ನಾನು ತಲೆಯಾಡಿಸಿದೆ, ಗಣಪಣ್ಣ. ನೀವು ತರಿಸಿದ ಚಹಾ ಕುಡಿದು ಬಸ್ಸು ಹತ್ತಿದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದರೆ ನೀವು ಒಬ್ಬರೇ ಓದಿ, ಮಡಚಿ, ಯಾರಿಗೂ ಹೇಳದೆ ಇಟ್ಟುಬಿಡುತ್ತೀರಿ. ಸೋಮವಾರ ಬರುತ್ತೇನೆ. ಅಂಗಡಿಯಲ್ಲಿ ಅವರೆಲ್ಲ ಇರುವಾಗಲೇ, ಅವರೆದುರು ನಿಂತು, ಗಟ್ಟಿಯಾಗಿ ಓದುತ್ತೇನೆ.