ಗ್ರೀಸತ್ತೆ ಬಿಟ್ಟ ಕೀಲು

ಬೀದಿಯವರೆಲ್ಲ ಅತ್ತೆಯನ್ನು ಕರೆಯುತ್ತಿದ್ದದ್ದು ಗ್ರೀಸತ್ತೆ ಎಂದೇ. ಮಾವ ಬಾಡಿಗೆಗೆ ಪಿಕಪ್ ಓಡಿಸುತ್ತಿದ್ದರು, ಆದರೆ ಅದರ ಹೊಟ್ಟೆಯಡಿ ತೂರುವ ಆಸಾಮಿಯಲ್ಲ. ಭಾನುವಾರ ಅವರು ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ ಮೆಟ್ಟಿಲ ಮೇಲೆ ಕೂತು ಪೇಪರ್ ಓದುತ್ತಿದ್ದರೆ, ಅತ್ತೆ ತಲೆಗೆ ಅವರದೇ ಹಳೇ ಟವೆಲ್ ಸುತ್ತಿ, ಗೋಣಿಚೀಲ ಹಾಸಿ, ಗ್ರೀಸ್ ಗನ್ ಹಿಡಿದು ಗಾಡಿಯಡಿ ಮಲಗುತ್ತಿದ್ದರು.

"ರೀ, ಆ ಬಟ್ಟೆ ಚೂರು ಕೊಡಿ."

"ಅಂಗಿ ಕೊಳೆಯಾಗುತ್ತೆ ಕಣೇ."

ಅವರ ಸಂಸಾರದ ಮುಕ್ಕಾಲು ಮಾತುಕತೆ ನಡೆದದ್ದು ಹೀಗೆ, ನಡುವೆ ಒಂದು ಗಾಡಿ ಇಟ್ಟುಕೊಂಡೇ.

ಮಾವ ತೀರಿಕೊಂಡ ಮೇಲೆ ಗಾಡಿ ಗುಜರಿಗೆ ಹೋಯಿತು. ಗ್ರೀಸ್ ಗನ್ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಉಳಿಯಿತು. ಅತ್ತೆ ಅದನ್ನು ದೇವರ ದೀಪದ ಹಾಗೆ ಒರೆಸಿಡುತ್ತಿದ್ದರು.

ಅತ್ತೆಯ ಅಣ್ಣನ ಮಗ ಆ ಮನೆಯಲ್ಲೇ ಇದ್ದುಕೊಂಡು ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಸಂಬಳಕ್ಕಿದ್ದ. ಅತ್ತೆ ಕರೆಯುವುದು ಅಳಿಯ ಎಂದು, ಸಿಟ್ಟು ಬಂದರೆ ಅಳಿಯಂದಿರೇ ಎಂದು. ಅಂಗಡಿಯ ಯಜಮಾನರು ಹೊಸ ಪಿಕಪ್ ಕೊಂಡು ಕೀಲಿ ಅವನ ಕೈಗಿಟ್ಟಾಗ ಅವನು ವಿಮಾನ ಸಿಕ್ಕವನಂತೆ ಬೀಗಿದ. ಶಾಲೆಯ ಪುಸ್ತಕ ಎಂದೂ ಪೂರ್ತಿ ಓದದವನು ಗಾಡಿಯ ಜೊತೆ ಬಂದ ಪುಸ್ತಕವನ್ನು ಅರೆದು ಕುಡಿದ. ಬಾನೆಟ್ ತೆರೆಯುವ ಹಿಡಿ ಎಲ್ಲಿದೆ ಎಂಬುದನ್ನು ಮಾತ್ರ ಇನ್ನೂ ತಡಕಾಡುತ್ತಿದ್ದ.

ಕಂಪನಿಯ ಪುಕ್ಕಟೆ ಸರ್ವಿಸ್ ಮುಗಿದ ಮೇಲೆ ಎಣ್ಣೆ ಬದಲಿಸುವುದು ಅವನ ಪಾಲಿಗೆ ಬಂತು. ಅಷ್ಟು ದಿನ ಗಾಡಿಯನ್ನೂ ಗನ್ನನ್ನೂ ಬರೀ ನೋಡುತ್ತಿದ್ದ ಅತ್ತೆ ಅಂದು ಬಾಯಿಬಿಟ್ಟರು.

"ಗ್ರೀಸ್ ನಾನು ಹೊಡೀಲೇನೋ? ಕೈ ಮರೆತುಹೋಗುತ್ತೆ."

ಹೊಸ ಗಾಡಿಯಲ್ಲಿ ಕೀಲುಗಳೆಲ್ಲ ಸೀಲ್ ಆಗಿಯೇ ಬರುತ್ತವೆ, ಗ್ರೀಸ್ ಬೇಕಿಲ್ಲ ಎಂದು ಪುಸ್ತಕದಲ್ಲಿತ್ತು. ಆ ಮುಖ ನೋಡಿ ಅದನ್ನು ಹೇಳಲು ಪಂಡಿತನಿಗೆ ಬಾಯಿ ಬರಲಿಲ್ಲ. "ಬನ್ನಿ ಅತ್ತೆ" ಎಂದುಬಿಟ್ಟ.

ಆಯಿಲ್ ಅಂಗಡಿಯಲ್ಲಿ ಅತ್ತೆ ಇಂಜಿನ್ ಎಣ್ಣೆಯ ಒಂದು ಹನಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ ಮುಖ ಕಿವಿಚಿದರು.

"ಇದೇನಪ್ಪ, ಎಣ್ಣೆ ಪಾತ್ರೆ ತೊಳೆದ ನೀರಾ? ನಮ್ಮ ಗಾಡಿಗೆ ನೀನು ಜೇನಿನ ಹಾಗಿರೋದು ಕೊಡ್ತಿದ್ದೆ."

"ಅದು ಸವೆದ ಮುದುಕ ಅಕ್ಕಾ, ಹೊಗೆ ಬಿಡ್ತಿತ್ತು. ಇದರ ಸಂದಿಗಳೆಲ್ಲ ಬಿಗಿ, ತೆಳುವಾಗಿದ್ರೇನೇ ಬೇಗ ಹರಿಯೋದು. ಪುಸ್ತಕದಲ್ಲಿ ಏನಿದೆಯೋ ಅದೇ ಹಾಕಿ," ಎಂದ ಅಂಗಡಿಯವನು.

"ನಾನೂ ಅದೇ ಹೇಳಿದ್ದು," ಎಂದ ಅಳಿಯ. ಅವನನ್ನು ಯಾರೂ ಕೇಳಿರಲಿಲ್ಲ.

ಗೇರ್ ಎಣ್ಣೆಯೂ ಪುಸ್ತಕದಂತೆಯೇ ಆಯಿತು. ಗ್ರೀಸಿನ ಸರದಿ ಬಂದಾಗ ಅತ್ತೆ ಯಾರ ಮಾತಿಗೂ ಕಾಯಲಿಲ್ಲ. ಡಬ್ಬಿಗಳ ಮುಚ್ಚಳ ತೆಗೆದು ಮೂಸಿದರು, ಚಿಟಿಕೆ ತೆಗೆದು ನೂಲಿನಂತೆ ಎಳೆದರು, ಒಂದನ್ನು ಆರಿಸಿ ಮನೆಯವರೆಗೂ ಮಡಿಲಲ್ಲೇ ಇಟ್ಟುಕೊಂಡು ಬಂದರು.

ಭಾನುವಾರ ಟವೆಲ್ ಸುತ್ತಿ ಗಾಡಿಯಡಿ ತೂರಿದರು. ಟಾರ್ಚಿನ ಬೆಳಕು ಅತ್ತಿತ್ತ ಹರಿದಾಡಿತು. ಮೆಟ್ಟಿಲ ಮೇಲೆ ಕೂತ ಅಳಿಯನಿಗೆ ಪರೀಕ್ಷೆಯ ಫಲಿತಾಂಶ ಕಾದ ಹಾಗಾಯಿತು.

"ಎಲ್ಲಾದಕ್ಕೂ ಬಾಯಿ ಹೊಲಿದು ಕಳಿಸಿದಾರಲ್ಲೋ," ಎಂದಿತು ಕೆಳಗಿನ ದನಿ. "ನಿನಗೆ ಮೊದ್ಲೇ ಗೊತ್ತಿತ್ತಾ?"

ಅತ್ತೆ ಹೊರಬಂದು ಗೋಣಿಚೀಲ ಮಡಚತೊಡಗಿದರು. ಆ ಮಡಚುವ ನಿಧಾನ ನೋಡಲಾರದೆ ಅವನು ಎದ್ದು ಗಾಡಿಯ ಹಿಂದಿನ ಬಾಗಿಲನ್ನು ದಡಾರನೆ ಇಳಿಸಿದ. ಸಿಮೆಂಟಿನ ಧೂಳು ತಿಂದಿದ್ದ ಅದರ ಕೀಲು ಕಿರ್ರ್ ಎಂದಿತು.

"ಅತ್ತೆ, ಇಲ್ಲಿ ನೋಡಿ! ಇದಕ್ಕೆ ಹಚ್ಚಬಹುದು. ಕಿವಿ ಕಿತ್ತುಹೋಗುತ್ತೆ."

ಅತ್ತೆಯ ಕೈ ನಿಂತಿತು. ಆಮೇಲೆ ನಗು ಬಂತು, ಟವೆಲಿನ ತುದಿಯನ್ನು ಕಣ್ಣಿಗೆ ಒತ್ತಿಕೊಳ್ಳುವಷ್ಟು.

"ಹೋಗಿ ಹೋಗಿ ಇದನ್ನೇ ಹುಡುಕಿದ್ಯಲ್ಲೋ! ಅಷ್ಟು ವರ್ಷ ನಮ್ಮ ಇಡೀ ಗಾಡಿಗೆ ಹೊಡೆದೆ, ಇದೊಂದಕ್ಕೆ ಮಾತ್ರ ಹಚ್ಚಲಿಲ್ಲ. ಸಂಜೆ ನಿಮ್ಮ ಮಾವ ಹಗ್ಗ, ಟಾರ್ಪಾಲು ಇಳಿಸೋಕೆ ಬಾಗಿಲು ತೆಗೆದ್ರೆ ಕಿರ್ರ್ ಅನ್ನೋದು. ನಾನು ಒಲೆ ಮೇಲೆ ಚಹಾಕ್ಕೆ ನೀರಿಡ್ತಿದ್ದೆ. ಬೀದೀಲಿ ನೂರು ಗಾಡಿ ಬರಲಿ, ಆ ಸದ್ದು ಬೇರೆ."

"ಮಾವನಿಗೆ ಗೊತ್ತಿತ್ತಾ?"

"ಅವರಿಗೇನು ಗೊತ್ತು? ಕೀಲು ಕೂಗುತ್ತೆ, ಹೆಂಡತಿಗೆ ಮರೆವು ಅಂತಿದ್ರು."

ಅಳಿಯ ಗ್ರೀಸ್ ಡಬ್ಬಿ ಮುಂದೆ ಚಾಚಿದ. "ಈಗ ಹಚ್ತೀರಾ?"

ಅತ್ತೆ ಬಾಗಿಲನ್ನು ಒಮ್ಮೆ ಎತ್ತಿದರು, ಇಳಿಸಿದರು, ತಲೆ ವಾರೆ ಮಾಡಿ ಕೇಳಿದರು. ಬಲಗಡೆಯ ಕೀಲಿಗೆ ಬೆರಳ ತುದಿಯಿಂದ ಅಚ್ಚುಕಟ್ಟಾಗಿ ಗ್ರೀಸ್ ಹಚ್ಚಿದರು. ಎಡಗಡೆಯದನ್ನು ಬರೀ ಬಟ್ಟೆಯಿಂದ ಒರೆಸಿದರು.

"ತುಕ್ಕು ಹಿಡಿಯದ ಹಾಗೆ ಮಾತ್ರ ನೋಡ್ಕೋತೀನಿ. ವಾರವಾರ ನಾನೇ. ನೀನು ಮುಟ್ಟಬೇಡ."

"ಸರಿ ಅತ್ತೆ."

ಅಲ್ಲಿಯವರೆಗೆ ಅವನ ಹಗ್ಗ, ಟಾರ್ಪಾಲು ಸೀಟಿನ ಹಿಂದೆಯೇ ಇರುತ್ತಿದ್ದವು, ಮನೆಯ ಮುಂದೆ ಆ ಬಾಗಿಲು ತೆಗೆಯುವ ಪ್ರಮೇಯವೇ ಇರಲಿಲ್ಲ. ಸೋಮವಾರ ಅವನ್ನು ಹಿಂದಿನ ತೊಟ್ಟಿಗೆ ಎಸೆದುಕೊಂಡು ಹೊರಟ. ಸಂಜೆ ಮನೆಯ ಮುಂದೆ ಗಾಡಿ ನಿಲ್ಲಿಸಿ ಬಾಗಿಲು ಇಳಿಸಿದ. ಕೀಲು ಒಂದೇ ಮಗ್ಗುಲಲ್ಲಿ, ಅರ್ಧ ದನಿಯಲ್ಲಿ ಕಿರ್ರ್ ಎಂದಿತು.

ಅಡುಗೆಮನೆಯಲ್ಲಿ ಪಾತ್ರೆಗೆ ನೀರು ಬಿದ್ದ ಸದ್ದು ಕೇಳಿಸಿತು. ಅವನು ಬೇಕೆಂದೇ ಹಗ್ಗವನ್ನು ನಿಧಾನವಾಗಿ ಸುತ್ತಿದ.