ಅಟ್ಟ ಸೇರಿದ ದಿಂಬು

ಮಗಳಿಗೆ ಏಳು ತುಂಬುವ ಹೊತ್ತಿಗೆ ಅವಳ ಉಸಿರಿನ ಸದ್ದು ನನಗೆ ಅವಳ ದನಿಯಷ್ಟೇ ಪರಿಚಿತವಾಗಿತ್ತು. ಜಡೆ ಹಾಕುವಾಗ, ಪಾಠ ಒಪ್ಪಿಸುವಾಗ ಎದೆಯೊಳಗಿಂದ ಸಣ್ಣಗೆ ಸೀಟಿ ಊದಿದ ಹಾಗೆ ಕೇಳುತ್ತಿತ್ತು. ಬೆಳಿಗ್ಗೆ ಎದ್ದಾಗಲೇ ಹೆಚ್ಚು. ಕಣ್ಣಂಚು ಕೆಂಪಾಗಿ, ಒಂದರ ಹಿಂದೊಂದು ಸೀನು ಬಂದು, ಹಲ್ಲುಜ್ಜುವ ಮೊದಲೇ ಸುಸ್ತಾಗುತ್ತಿದ್ದಳು.

ಶಿಡ್ಲಘಟ್ಟದ ನಮ್ಮ ಮನೆಯ ಹಿಂದೆಯೇ ನೂಲು ಬಿಚ್ಚುವ ಶೆಡ್ಡಿದೆ. ರೇಷ್ಮೆಗೂಡು ಬೇಯುವ ವಾಸನೆ ಅಡುಗೆಮನೆಯವರೆಗೂ ಬರುತ್ತದೆ. ನಮಗೆ ಅದು ವಾಸನೆ ಅನ್ನಿಸುವುದೂ ಇಲ್ಲ. ಮಗುವಿನ ಉಸಿರಿಗೂ ಅದಕ್ಕೂ ಸಂಬಂಧ ಇರಬಹುದೆಂದು ಮೊದಲು ಹೇಳಿದವರು ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮಕ್ಕಳ ಅಲರ್ಜಿಯ ಸಂಶೋಧನೆಗೆಂದು ಬಂದಿದ್ದ ಒಬ್ಬ ವೈದ್ಯೆ. ಅಲರ್ಜಿ ಯಾವುದಕ್ಕೆಂದು ತಿಳಿಯಲು ಮಗಳ ಮುಂಗೈ ಮೇಲೆ ಬೇರೆಬೇರೆ ಪದಾರ್ಥಗಳ ಹನಿಗಳನ್ನು ಸಾಲಾಗಿಟ್ಟು, ಪ್ರತಿಯೊಂದನ್ನೂ ಸೂಜಿಮೊನೆಯಿಂದ ಮೆಲ್ಲನೆ ಚುಚ್ಚಿದರು. ಸ್ವಲ್ಪ ಹೊತ್ತಿಗೆ ರೇಷ್ಮೆಯ ಹನಿ ಇಟ್ಟ ಜಾಗ ಸೊಳ್ಳೆ ಕಚ್ಚಿದಂತೆ ಊದಿಕೊಂಡಿತು. ಮಗಳು ಅದನ್ನೇ ನೋಡುತ್ತಾ, "ಅಮ್ಮಾ, ಇದೊಂದಕ್ಕೆ ಮಾತ್ರ ಕೋಪ ಬಂದಿದೆ" ಅಂದಳು.

ವೈದ್ಯೆ ನಗಲಿಲ್ಲ. ನನ್ನ ಕಡೆ ಕುರ್ಚಿ ಎಳೆದುಕೊಂಡು ಹೇಳಿದರು: "ಇದು ಸಂಶೋಧನೆ ಅಮ್ಮಾ. ಇದರಿಂದ ನಿಮ್ಮ ಮಗಳಿಗೆ ಗುಣ ಆಗುತ್ತೆ ಅಂತ ನಾನು ಮಾತು ಕೊಡಕ್ಕಾಗಲ್ಲ. ರೇಷ್ಮೆ ಕೆಲಸದ ಮನೆಗಳ ಮಕ್ಕಳಿಗೆ ಧೂಳು ಎಲ್ಲಿಂದ ತಾಗುತ್ತೆ ಅಂತ ನೋಡ್ತಿದೀವಿ. ಇಷ್ಟ ಇದ್ರೆ ಸೈನ್ ಮಾಡಿ. ಬೇಡ ಅನ್ಸಿದ ದಿನ ಬಿಟ್ಟುಬಿಡಬಹುದು."

ಸಹಿ ಹಾಕಿದೆ. ಅವರು ಮನೆಗೆ ಬಂದು ಮಗು ಮಲಗುವ ಹಾಸಿಗೆ, ದಿಂಬಿನ ಧೂಳನ್ನು ತೆಗೆದುಕೊಂಡು ಹೋಗುವುದಿತ್ತು. ಅದಕ್ಕೆ ಮೊದಲು ಒಂದು ವಾರ ಹಾಸಿಗೆ ಕೊಡವಬಾರದು, ಒಗೆಯಬಾರದು, ಬದಲಾಯಿಸಬಾರದು ಎಂದು ಕನ್ನಡದಲ್ಲೇ ಅಚ್ಚು ಹಾಕಿದ ಹಾಳೆ ಕೊಟ್ಟಿದ್ದರು. ಅದನ್ನು ಅತ್ತೆಗೆ ಓದಿ ಹೇಳಿದೆ.

"ಬರೋರು ಡಾಕ್ಟ್ರು. ಅವರ ಮುಂದೆ ಕೊಳೆ ಹಾಸಿಗೆ ಹರಡ್ಕೊಂಡು ಕೂತ್ಕೊಂತೀಯೇನೇ? ಇವ್ರೆಂಥ ಜನಾನಪ್ಪಾ ಅಂದ್ಕೊಳಲ್ವಾ?" ಅಂದರು ಅತ್ತೆ.

ತಪ್ಪನ್ನು ಅತ್ತೆಯ ಮೇಲೆ ಹೊರಿಸಿದರೆ ಸುಳ್ಳಾದೀತು. ನನಗೂ ಹಾಗೇ ಅನ್ನಿಸಿತ್ತು. ಕಾನ್ವೆಂಟಿನ ಹಾಸ್ಟೆಲಿನಲ್ಲಿ ಮಂಚದ ಹೊದಿಕೆಯ ನಾಲ್ಕು ಮೂಲೆಯನ್ನೂ ಸಿಸ್ಟರ್ ನೋಡುವ ಮೊದಲು ಸರಿಮಾಡಿ ಬೆಳೆದವಳು ನಾನು. ವೈದ್ಯೆ ಬರುವ ದಿನ ಬೆಳಿಗ್ಗೆ ಮಗಳ ಹಳೆಯ ದಿಂಬನ್ನು ಅಟ್ಟಕ್ಕೆ ಎಸೆದೆ. ರೇಷ್ಮೆಗೂಡಿನ ಮೇಲಿನ ಸಡಿಲ ಎಳೆಗಳನ್ನು ಒಟ್ಟುಮಾಡಿ, ಬಿಸಿಲಿಗೆ ಹಾಕಿ, ತುಂಬಿ, ಅತ್ತೆ ಕೈಯಾರೆ ಹೊಲಿದುಕೊಟ್ಟ ದಿಂಬು ಅದು. ತಲೆಗೆಣ್ಣೆಯ ಕಲೆಯಾಗಿ ಒಂದು ಮೂಲೆಯಲ್ಲಿ ತೇಪೆ ಬಿದ್ದಿತ್ತು. ನೆಂಟರಿಗೆಂದು ಬೀರುವಿನಲ್ಲಿಟ್ಟಿದ್ದ ಹೊಸ ದಿಂಬು, ಬಿಳಿ ಹೊದಿಕೆ ಹೊರಗೆ ಬಂದವು.

ವೈದ್ಯೆ ಪುಟ್ಟ ಯಂತ್ರದಿಂದ ಆ ಹಾಸಿಗೆಯ ಧೂಳು ಹೀರಿಕೊಂಡರು. ಆಮೇಲೆ ಪೆನ್ನು ತೆಗೆದು ಕೇಳಿದರು: "ಒಂದು ವಾರದಿಂದ ಮಗು ಮಲಗ್ತಿರೋದು ಇದರಲ್ಲೇನಾ?"

ಮಗಳು ಬಾಯಿ ತೆರೆದಳು. ನಾನು ಅವಳನ್ನು ನೋಡಿದೆ. ಅಷ್ಟೇ ಮಾಡಿದ್ದು. ಅವಳು ಬಾಯಿ ಮುಚ್ಚಿಕೊಂಡು ಲಂಗದ ಅಂಚು ತಿರುಚತೊಡಗಿದಳು.

"ಹೌದು, ಇದರಲ್ಲೇ" ಅಂದೆ.

ಕೆಲವು ವಾರಗಳ ನಂತರ ವೈದ್ಯೆ ಫೋನ್ ಮಾಡಿದರು. ಹಾಸಿಗೆಯ ಧೂಳಿನಲ್ಲಿ ರೇಷ್ಮೆ ಹೆಚ್ಚು ಸಿಕ್ಕಿಲ್ಲ, ಹಾಗಾಗಿ ಶೆಡ್ಡಿನ ಗಾಳಿಯೇ ಕಾರಣ ಇರಬಹುದು, ಮಗುವನ್ನು ಎರಡು ಮೂರು ತಿಂಗಳು ದೂರ ಇರಿಸಿ ನೋಡಲು ಸಾಧ್ಯವೇ ಎಂದು ಕೇಳಿದರು. ಮಂಚೇನಹಳ್ಳಿಯಲ್ಲಿ ನನ್ನವರ ಅಕ್ಕನ ಮನೆಯಿದೆ. "ಅಲ್ಲೇ ಇರ್ಲಿ, ಸ್ಕೂಲಿಗೂ ಅಲ್ಲೇ ಹೋಗ್ಲಿ. ಉಸಿರಿಗಿಂತ ಹೆಚ್ಚೇನಿದೆ?" ಅಂದರು ನನ್ನವರು. ಹೇಳಿದ ಮೇಲೆ ಊಟ ಮಾಡದೆ ಎದ್ದರು.

ಮಾರನೆಯ ದಿನ ಮಗಳ ಬಟ್ಟೆ ಬ್ಯಾಗಿಗೆ ತುಂಬುತ್ತಿದ್ದೆ. ಅವಳು ಅಟ್ಟದಿಂದ ಎಂದೋ ಇಳಿಸಿಕೊಂಡಿದ್ದ ತನ್ನ ದಿಂಬನ್ನು ಎದೆಗವಚಿಕೊಂಡು ಬಂದು ನಿಂತಳು.

"ಇದನ್ನೂ ಇಡಮ್ಮ. ಅಲ್ಲಿ ಡಾಕ್ಟರ್ ಬಂದ್ರೆ ಬಚ್ಚಿಡ್ತೀನಿ."

ಏಳು ವರ್ಷದ ಮಗು ನನ್ನಿಂದ ಕಲಿತಿದ್ದು ಇದು. ನನ್ನ ಒಂದು ಮಾತಿನಿಂದ ಅವಳು ಮನೆ ಬಿಟ್ಟು ಹೊರಟಿದ್ದಳು. ಉಸಿರು ಕಟ್ಟಿಸುತ್ತಿರಬಹುದಾದ್ದನ್ನೇ ಜೊತೆಗೆ ಹೊತ್ತುಕೊಂಡು.

ಅಲ್ಲೇ ನೆಲದ ಮೇಲೆ ಕೂತು ವೈದ್ಯೆಗೆ ಫೋನ್ ಮಾಡಿದೆ. "ನಾನು ಸುಳ್ಳು ಹೇಳಿದೆ ಮೇಡಂ. ಅದು ಅವಳ ದಿಂಬಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. "ಹೇಳಿದ್ದು ಒಳ್ಳೇದಾಯ್ತು. ಆ ದಿಂಬನ್ನ ಮಗು ಹತ್ರ ಕೊಡಬೇಡಿ, ಒಂದು ಕವರಲ್ಲಿ ಕಟ್ಟಿಡಿ. ಬಂದು ತಗೊಂಡು ಹೋಗ್ತೀವಿ. ಕಳಿಸೋದು ಸದ್ಯಕ್ಕೆ ಬೇಡ" ಅಂದರು.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ತಲ್ಲೀ, ಇಲ್ಲಿ ಕೊಡವ್ವ" ಎಂದು ಮೊಮ್ಮಗಳ ಕೈಯಿಂದ ದಿಂಬು ತೆಗೆದುಕೊಂಡರು. ಅದರ ತೇಪೆಯನ್ನು ಹೆಬ್ಬೆರಳಿನಿಂದ ಸವರಿ, "ಮೆತ್ತಗಿರ್ಲಿ ಅಂತ ಮಾಡ್ಕೊಟ್ನಲ್ಲೇ ನಾನು" ಅಂದರು. ನಾನು ಕವರು ಬಿಡಿಸಿ ಹಿಡಿದೆ. ಅವರೇ ಕವರಿನ ಬಾಯಿ ಕಟ್ಟಿದರು.

ವೈದ್ಯೆ ಬಂದು ನಾನು ಹೇಳಿದ್ದ ಹಳೆಯ ಉತ್ತರದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದನ್ನು ಬರೆದು, ನನ್ನಿಂದ ಸಹಿ ಹಾಕಿಸಿಕೊಂಡರು. ಅಳಿಸಿಹಾಕುವುದಿಲ್ಲವಂತೆ, ತಪ್ಪೂ ಕಾಣುತ್ತಿರಬೇಕಂತೆ. ದಿಂಬಿನ ಧೂಳಿನಲ್ಲಿ ರೇಷ್ಮೆ ಬಹಳ ಇತ್ತು. ಆ ವಿಷಯ ತಿಳಿದ ಸಂಜೆ ಅತ್ತೆ ಸೆರಗು ಹೊದ್ದುಕೊಂಡು ನಮ್ಮ ಬೀದಿಯ ಮನೆಗಳಿಗೆ ಹೋದರು. ಪಕ್ಕದ ಮನೆಯ ಬಾಗಿಲಲ್ಲಿ ಅವರ ದನಿ ಕೇಳಿಸಿತು: "ನಿನ್ ಮೊಮ್ಮಗೂಗೂ ಅಂಥ ದಿಂಬೇ ಹೊಲ್ಕೊಟ್ಟಿದ್ದೆ ಕಣಮ್ಮ. ವಾಪಸ್ ಕೊಟ್ಬಿಡು."

ಮಗಳು ನಮ್ಮ ಮನೆಯಲ್ಲೇ ಇದ್ದಾಳೆ. ಬೆಳಗಿನ ಸೀನು ಬಹುಪಾಲು ನಿಂತಿದೆ. ಆದರೆ ಒಂದು ದಿಂಬಿನಿಂದಲೇ ಎಲ್ಲ ಆಯಿತೆಂದು ಹೇಳಲಾರೆ ಎನ್ನುತ್ತಾರೆ ವೈದ್ಯೆ. ಹಿಂದೆ ಶೆಡ್ಡು ಇನ್ನೂ ನಡೆಯುತ್ತಿದೆ. ಅವಳ ಎದೆಯಲ್ಲಿ ಎಷ್ಟು ದಿನ ಸದ್ದು ಕೇಳಿತೆಂದು ಪ್ರತಿ ತಿಂಗಳೂ ನಾನೊಂದು ಹಾಳೆ ತುಂಬಿ ವೈದ್ಯೆಗೆ ಕಳಿಸಬೇಕು. ಕಳೆದ ವಾರ ಎರಡು ದಿನ ಅವಳ ಎದೆಯಲ್ಲಿ ಮತ್ತೆ ಸದ್ದು ಕೇಳಿಸಿತು. ಬರೆದರೆ ಮತ್ತೆ ಮಂಚೇನಹಳ್ಳಿಯ ಮಾತು ಬರಬಹುದು. ಮಗಳು ಪಕ್ಕದಲ್ಲೇ ಕೂತು ನನ್ನ ಪೆನ್ನನ್ನು ನೋಡುತ್ತಿದ್ದಳು.

ಎರಡು ದಿನ ಎಂದು ಬರೆದೆ.